ನಾಲ್ಕನೇ ರೀಲಿನ ಕೂಸು

ಯಾದಗಿರಿ
ಶನಿವಾರ, ೧೫ ಫೆಬ್ರುವರಿ ೨೦೨೫

ಪ್ರೀತಿಯ ಅವ್ವಾ,

ಈ ವಾರ ನಿನಗೆ ಬರೆಯುತ್ತಿರುವ ಎರಡನೆಯ ಪತ್ರ ಇದು. ಮೊದಲನೆಯದನ್ನು ಬರೆದು, ಲಕೋಟೆ ಅಂಟಿಸಿ, ಆಮೇಲೆ ಹರಿದುಹಾಕಿದೆ. ಅದರಲ್ಲಿ ಎಲ್ಲವೂ ಇತ್ತು, ಹೇಳಲೇಬೇಕಾದ ಒಂದು ಮಾತು ಮಾತ್ರ ಇರಲಿಲ್ಲ. ಅದನ್ನು ಬಿಟ್ಟೇ ಕಳಿಸುವವಳಿದ್ದೆ. ಈ ಸಲ ಮೊದಲು ಅದನ್ನೇ ಬರೆದುಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಅಲ್ಲಿಗೆ ಬರುವಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ಅಜ್ಜಿಯ ಸಿನಿಮಾದ ರೀಲು ಪುಣೆಯಿಂದ ಬಂತು. ನಿನ್ನ ಅವ್ವ ಕೂಸನ್ನು ಎತ್ತಿಕೊಂಡು ಲಾಲಿ ಹಾಡುವ ರೀಲು, ನಮಗೆ ಬುದ್ಧಿ ಬಂದಾಗಿನಿಂದ ನೀನು ಹೇಳುತ್ತ ಬಂದಿರುವ ಅದೇ ರೀಲು. ನಾನು ನೋಡಿದೆ. ಅವ್ವಾ, ಆಕೆಯ ಕೈಯಲ್ಲಿರುವ ಕೂಸು ನೀನಲ್ಲ.

ಇಲ್ಲಿಗೇ ಪತ್ರ ಮಡಚಿ ದಿಂಬಿನ ಕೆಳಗೆ ಇಡಬೇಡ, ಪೂರ್ತಿ ಓದು. ಹೇಗಿದ್ದೀಯಾ? ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ ಇಲ್ಲವೋ? ಬಿ.ಪಿ. ಗುಳಿಗೆ ದಿನಾ ತಗೊಳ್ಳುತ್ತೀಯಾ, ಅಥವಾ ತಲೆ ತಿರುಗಿದ ದಿನ ಮಾತ್ರವೇ? ಕಿವಿಯ ಯಂತ್ರದಲ್ಲಿ ಮಂದಿಯ ಮಾತಿಗಿಂತ ಫ್ಯಾನಿನ ಗಾಳಿಯೇ ಜಾಸ್ತಿ ಕೇಳಿಸುತ್ತದೆಂದು ಅದನ್ನು ಸಕ್ಕರೆ ಡಬ್ಬಿಯಲ್ಲಿ ಹಾಕಿಟ್ಟಿದ್ದೀಯಂತೆ. ನಗಬೇಕೋ ಅಳಬೇಕೋ ತಿಳಿಯದೆ ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ಸೊಲ್ಲಾಪುರದ ಆ ಮನೆಯಲ್ಲಿ ನಿನ್ನದೇ ದನಿ ಎಲ್ಲರಿಗಿಂತ ದೊಡ್ಡದೆಂದು ಭಾವ ತಮಾಷೆ ಮಾಡಿದರು. ನಿನಗೆ ಫೋನು ಕೇಳಿಸದಂತೆ ಆದಮೇಲೆ ನಾನು ಕನ್ನಡದಲ್ಲಿ ಕೈಯಿಂದ ಬರೆಯುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಇಂಗ್ಲಿಷ್ ಶಾಲೆಗೆ ಹಾಕಿದವಳು ನೀನೇ, ಒತ್ತಕ್ಷರ ತಪ್ಪಿದರೆ ತಿದ್ದಿಕೊಳ್ಳುವವಳೂ ನೀನೇ. ನಾವೆಲ್ಲ ಆರಾಮ. ಸುನೀಲಕುಮಾರರಿಗೆ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಬದಲಾಗಿ ಈಗ ಹಗಲು ಮನೆಯಲ್ಲಿ ಮಲಗಿರುತ್ತಾರೆ, ಹೀಗಾಗಿ ಕುಕ್ಕರಿನ ಸೀಟಿಗೂ ನಾವು ಹೆದರುತ್ತೇವೆ. ಪಲ್ಲವಿಗೆ ಮುಂದಿನ ತಿಂಗಳು ಪಿಯುಸಿ ಪರೀಕ್ಷೆ. ಬಿಸಿಲು ಈಗಲೇ ಏರಿದೆ. ನಿನಗೆಂದು ಎಳೆಜೋಳದ ಸೀತನಿ ತಗೊಂಡಿಟ್ಟಿದ್ದೇನೆ, ಬರುವಾಗ ತರುತ್ತೇನೆ.

ದೀಪಾವಳಿಗೆ ನಾವು ಬಂದಾಗ ನೀನು ಹೇಳಿದ್ದು ನೆನಪಿದೆಯೇ? ರೀಲು ಸಿಕ್ಕಿದೆ, ಸ್ವಚ್ಛ ಮಾಡಲು ಪುಣೆಗೆ ಹೋಗಿದೆ ಎಂದು ನಾನು ಚೀಟಿಯಲ್ಲಿ ಬರೆದು ತೋರಿಸಿದಾಗ ನೀನು ಆ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ, ‘ಕಿವಿ ಹೋದ್ವು, ಹೋಗ್ಲಿ ಮಲ್ಲಿ. ಕಣ್ಣ ಇನ್ನಾ ಅದಾವ. ಆಕಿ ಕೈಯಾಗ ನಾ ಇದ್ದದ್ದ ಒಮ್ಮಿ ನೋಡಿಬಿಟ್ರ ಮುಗೀತವ್ವ, ಮತ್ತೇನೂ ಬ್ಯಾಡ ನನಗ’ ಅಂದೆ. ಮರುದಿನವೇ ಅಕ್ಕನ ಅಪಾರ್ಟ್‌ಮೆಂಟಿನ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತ್ತು. ಎಂಬತ್ತೆರಡು ವರ್ಷದ ಹೆಣ್ಣುಮಗಳು ತನ್ನ ಅವ್ವನ ತೋಳಿನಲ್ಲಿ ತನ್ನನ್ನು ನೋಡುವುದಿದೆ ಎಂದು ಅವರು ಮೊಬೈಲು ಹಿಡಿದು ಕಾಯುತ್ತಿದ್ದಾರಂತೆ. ಈ ಆಸೆಗೆ ಗಾಳಿ ಹಾಕಿದವಳು ನಾನೇ. ರೀಲು ಬರುವ ತನಕ ಬಾಯಿ ಮುಚ್ಚಿಕೊಂಡಿರಬಹುದಿತ್ತು. ನಿನಗೆ ಸಂತೋಷವಾಗಲಿ ಎಂದು ಹೇಳಿದೆನೋ, ಇಂಥದ್ದನ್ನು ಹುಡುಕಿದೆನೆಂದು ನಿನ್ನಿಂದ ಹೊಗಳಿಸಿಕೊಳ್ಳಲು ಹೇಳಿದೆನೋ, ಈಗ ವಿಚಾರ ಮಾಡಿದರೆ ಸರಿಯಾಗಿ ತಿಳಿಯುತ್ತಿಲ್ಲ.

ಸುರಪುರದ ಶಾಲೆಯಲ್ಲಿ ಹುಡುಗಿಯರು ನಿನ್ನನ್ನು ‘ಕಂಪನಿ ಕೂಸು’ ಎಂದು ಕರೆಯುತ್ತಿದ್ದರು. ‘ಪರದಿ ಎಳೀರವ್ವ, ನಾಟಕದಾಕಿ ಮಗಳು ಬಂದ್ಲು’ ಎನ್ನುತ್ತಿದ್ದರು. ಅತ್ತು ಮನೆಗೆ ಬಂದ ನಿನಗೆ ಗುರುದೇವಿ ದೊಡ್ಡವ್ವ, ನಿನ್ನನ್ನು ಸಾಕಿದವಳು, ಸೆರಗಿನಿಂದ ಮೂಗು ಒರೆಸಿ ಹೇಳಿದಳು: ‘ಹುಚ್ಚಿ, ಅಳ್ತಾರೇನು? ನಿಮ್ಮವ್ವ ಸಿನಿಮಾದಾಗ ನಿನ್ನೇ ಎತ್ಕೊಂಡು ಹಾಡ್ಯಾಳ. ಆ ಕೂಸು ನೀನ ಅದಿ.’ ಮರುದಿನ ನೀನು ಶಾಲೆಯ ಕಟ್ಟೆಯ ಮೇಲೆ ನಿಂತು, ‘ನಾ ಸಿನಿಮಾದಾಗ ಬಂದೀನಿ, ನೀವು ಬಂದೀರೇನು?’ ಎಂದೆ. ಅಲ್ಲಿಗೆ ಅವರ ಬಾಯಿ ಬಂದ್. ಈ ಕತೆಯನ್ನು ನೀನು ನಮಗೆ ಎಷ್ಟು ಸಲ ಹೇಳಿದ್ದೀಯೋ. ಪ್ರತಿ ಸಲವೂ ಕೊನೆಗೆ ನೀನು ತೋಳು ಮಡಚಿ, ಇಲ್ಲದ ಕೂಸನ್ನು ಹಿಡಿದು ತೋರಿಸುತ್ತಿದ್ದೆ. ಅಜ್ಜಿ ನಿನಗೆ ಮೂರು ವರ್ಷವಿದ್ದಾಗ ಕೊಲ್ಹಾಪುರದಲ್ಲಿ ವಿಷಮಜ್ವರ ಬಂದು ತೀರಿಕೊಂಡಳು. ನಡುವೆ ಒಂದೇ ಸಲ ಊರಿಗೆ ಬಂದಾಗ ನೀನು ಗುರುತು ಹಿಡಿಯದೆ ದೊಡ್ಡವ್ವನ ಸೆರಗಿನಲ್ಲಿ ಅಡಗಿಕೊಂಡೆಯಂತೆ. ಆಕೆ ನಿನ್ನನ್ನು ಎತ್ತಿಕೊಂಡದ್ದಕ್ಕೆ ನಿನ್ನ ಹತ್ತಿರ ಇದ್ದ ಸಾಕ್ಷಿ ಆ ಸಿನಿಮಾ ಒಂದೇ.

ಆಕೆಯ ಬಗ್ಗೆ ಇನ್ನಷ್ಟು ತಿಳಿಯೋಣವೆಂದು ನಾನು ಜನವರಿಯಲ್ಲಿ ಶಿರವಾಳಕ್ಕೆ ಹೋಗಿದ್ದೆ. ಅಲ್ಲಿ ಅಮರಪ್ಪ ಎಂಬ ಹಳೆಯ ನಾಟಕ ಕಂಪನಿಯ ನಟ ಇದ್ದಾರೆ, ತೊಂಬತ್ತು ದಾಟಿದೆ, ಹಲ್ಲು ಒಂದೂ ಇಲ್ಲ, ಆದರೆ ಮಾತು ಇನ್ನೂ ಕಡೆಯ ಸಾಲಿಗೆ ಕೇಳಿಸುವಂಥದ್ದು. ಅಜ್ಜಿ ಇದ್ದ ಕಂಪನಿಯನ್ನೇ ಅವರು ಆಮೇಲೆ ಸೇರಿದವರು. ಆಕೆಯನ್ನು ಕಂಡಿಲ್ಲ, ಕಂಡವರಿಂದ ಕೇಳಿದ್ದಾರೆ. ಸುರಪುರದಲ್ಲಿ ಕಂಪನಿ ಮೊಕ್ಕಾಂ ಮಾಡಿದಾಗ ಹನ್ನೊಂದು ವರ್ಷದ ಹಂಪಮ್ಮ ದಿನಾ ಪರದೆಯ ಹಿಂದೆ ನಿಂತು ಎಲ್ಲ ಪಾತ್ರಗಳ ಹಾಡೂ ಕಲಿತುಬಿಟ್ಟಿದ್ದಳಂತೆ. ಮೊದಲು ಬಾಲಪಾತ್ರಗಳು, ಹದಿನೈದಕ್ಕೆ ನಾಯಕಿ. ಮನೆಯಲ್ಲಿ ಹಂಪಮ್ಮ, ಹ್ಯಾಂಡ್‌ಬಿಲ್ಲಿನಲ್ಲಿ ಹಂಪಾಬಾಯಿ ಸುರಪುರ. ಗದಗು, ಬಾಗಲಕೋಟೆ, ಸೊಲ್ಲಾಪುರ, ಮಿರಜು. ಮಳೆಗಾಲಕ್ಕೆ ಒಂದು ಊರಿನಲ್ಲಿ ಡೇರೆ ಊರಿ ಕೂತರೆ ದಸರೆಗೇ ಎದ್ದೇಳುವುದು. ‘ತಂಗೀ, ಈಗಿನವ್ರು ಮೈಕಿನ ಬಾಯಾಗ ಬಾಯಿ ಇಟ್ಟು ಮಾತಾಡ್ತಾರ’ ಎಂದರು ಅಮರಪ್ಪ. ‘ಆಕಿ ಪಿಸುಗುಟ್ರ ಹಿಂದಿನ ನೆಲದ ಮಂದೀಗಿ ಕೇಳಸ್ತಿತ್ತಂತ. ಆಕಿ ಬಂದ್ಲಂದ್ರ ನೆಲದವ್ರು ಕುರ್ಚಿಯವ್ರಿಗಿ, ಏ ಸಾವ್ಕಾರ್ರ, ರುಮಾಲ ತಗೀರಿ, ಆಕಿ ಮಾರಿ ಕಾಣವಲ್ದು ಅಂತ ಬಡದಾಡ್ತಿದ್ರಂತ.’

ನಿನ್ನ ಅಪ್ಪ, ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ, ನೀನು ಹೊಟ್ಟೆಯಲ್ಲಿರುವಾಗಲೇ ಮಿರಜಿನಲ್ಲಿ ಕಾಲರಾಕ್ಕೆ ಹೋದದ್ದು ನಿನಗೆ ಗೊತ್ತೇ ಇದೆ. ನಿನಗೆ ಗೊತ್ತಿಲ್ಲದ್ದು ಮುಂದಿನದು. ನಲವತ್ತೆರಡನೇ ಇಸವಿಯ ಮಳೆಗಾಲದಲ್ಲಿ ನೀನು ಹುಟ್ಟಿದೆ. ದಸರೆಗೆ ಆಕೆ ನಿನ್ನನ್ನು ಎತ್ತಿಕೊಂಡೇ ಕಂಪನಿಗೆ ಮರಳಿದಳು. ಹೌದು ಅವ್ವಾ, ಎತ್ತಿಕೊಂಡು. ಆಗ ಮಾಲೀಕ ಅಂದ ಮಾತನ್ನು ಅಮರಪ್ಪನವರ ಕಾಲದಲ್ಲೂ ಕಂಪನಿಯಲ್ಲಿ ಆಡಿಕೊಳ್ಳುತ್ತಿದ್ದರಂತೆ: ‘ಬಗಲಾಗ ಕೂಸು ಇಟ್ಕೊಂಡು ರಾಜಕುಮಾರಿ ಆಗಾಕ ಬರೂದಿಲ್ಲ ಬಾಯಿ. ಅತ್ತಿ ಪಾರ್ಟ್ ಮಾಡ್ತಿ?’ ಆಕೆಗೆ ಆಗ ಇಪ್ಪತ್ತೊಂದು. ಹಡೆದವಳು ನಾಯಕಿಯಾಗಬಾರದು ಎಂಬುದು ಆ ಕಂಪನಿಯ ರೂಢಿ. ಮಂದಿ ಒಪ್ಪುವುದಿಲ್ಲ ಎಂಬ ನೆಪ. ಆಕೆ ಅತ್ತೆಯ ಪಾತ್ರ ಮಾಡಲಿಲ್ಲ. ಕೊಲ್ಹಾಪುರದ ಒಂದು ಸ್ಟುಡಿಯೋದವರು ಆಕೆಯ ಹಾಡು ಕೇಳಿ ಮೊದಲೇ ಕರೆದಿದ್ದರು. ಅಲ್ಲಿ ಕೊಡುವುದಾಗಿ ಹೇಳಿದ್ದೇ ತಾಯಿಯ ಪಾತ್ರ. ಆದರೆ ಕೂಸನ್ನು ತರಬಾರದು, ಕೂಸು ಅತ್ತರೆ ಮಾತಿನ ಮುದ್ರಣ ಕೆಡುತ್ತದೆ ಎಂದರು. ನಾಟಕದಲ್ಲಿ ಕೂಸಿದೆ ಎಂದು ಪಾತ್ರ ಹೋಯಿತು, ಸಿನಿಮಾದಲ್ಲಿ ತಾಯಿಯ ಪಾತ್ರ ಸಿಕ್ಕಿತು, ಕೂಸು ಹೋಯಿತು. ನಾಲ್ಕು ತಿಂಗಳ ನಿನ್ನನ್ನು ಸುರಪುರದಲ್ಲಿ ತನ್ನ ಅಕ್ಕ ಗುರುದೇವಿಯ ಮಡಿಲಿಗೆ ಹಾಕಿ, ಮನೆಗೊಂದು ಹಾಲಿನ ಆಡು ಕಟ್ಟಿಸಿ ಆಕೆ ಹೊರಟಳು. ಮೂರು ವರ್ಷದಲ್ಲಿ ಮೂರು ಸಿನಿಮಾ, ಲಾಲಿಯದೇ ಮೊದಲನೆಯದು. ಹೆಸರು ಇನ್ನೇನು ದೊಡ್ಡ ಅಕ್ಷರದಲ್ಲಿ ಬರುವುದಿತ್ತು, ಅಷ್ಟರಲ್ಲಿ ಜ್ವರ.

ಆಕೆಗೆ ಬೇರೆ ದಾರಿ ಇತ್ತೇ ಎಂದು ನಾನು ಅಮರಪ್ಪನವರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ಕಾಲೇಜಿನ್ಯಾಗ ಕಲಸಾಕ ಹೋದಾಗ ನಿಮ್ಮ ಕೂಸಿನ್ನ ಯಾರು ನೋಡ್ಕೊಂತಿದ್ರು ಮೇಡಮ್ಮಾರ?’ ಅಂದರು. ನೀನು ನೋಡಿಕೊಳ್ಳುತ್ತಿದ್ದೆ ಅವ್ವಾ. ಅವರಿಗೆ ಹಾಗೆಯೇ ಹೇಳಿದೆ. ‘ಹಂಗಾರ ಮತ್ತೇನು’ ಎಂದು ಅವರು ಚಹಾ ಬಸಿಗೆ ಸುರಿದುಕೊಂಡರು.

ಈಗ ರೀಲಿನ ವಿಷಯ. ಶಹಾಪುರದ ಗೌಹರಬೇಗಂ ಅವರ ಮನೆಯಲ್ಲಿ ಅದು ಇತ್ತು ಎಂದಷ್ಟೇ ನಿನಗೆ ಚೀಟಿಯಲ್ಲಿ ಬರೆದಿದ್ದೆ. ಅವರ ತಂದೆ ಖಾಜಾಹುಸೇನ ಸಾಹೇಬರು ಡೇರೆ ಟಾಕೀಸಿನ ಮಾಲೀಕರು. ಶಹಾಪುರ, ಸುರಪುರ, ಹುಣಸಗಿ ಎಂದು ಸಂತೆಯಿಂದ ಸಂತೆಗೆ ಬಂಡಿಯ ಮೇಲೆ ಸಿನಿಮಾ ಒಯ್ಯುತ್ತಿದ್ದವರು. ಅಜ್ಜಿಯ ಚಿತ್ರ ತಂದಾಗ ಡೇರೆಗೆ ಜಾಗ ಸಾಲದಷ್ಟು ಮಂದಿ ಬಂದರಂತೆ, ನಮ್ಮೂರ ಹಂಪಾಬಾಯಿ ಎಂದು. ಚಿತ್ರ ತಿರುಗಿ ಕಳಿಸುವಾಗ ಸಾಹೇಬರು ಲಾಲಿ ಇದ್ದ ನಾಲ್ಕನೇ ರೀಲನ್ನು ಮರೆತವರ ಹಾಗೆ ಮನೆಯಲ್ಲೇ ಬಿಟ್ಟರು. ಆಮೇಲೆ ಯಾವ ಚಿತ್ರ ಬರಲಿ, ಕುಸ್ತಿಯದು, ದೇವರದು, ದರೋಡೆಯದು, ಮೊದಲು ಆ ಲಾಲಿ ತೋರಿಸಿಯೇ ಮುಂದಿನದು. ‘ನಮ್ಮ ಅಮ್ಮೀಗ ಹೊಟ್ಟಿಕಿಚ್ಚರೀ’ ಎಂದು ಗೌಹರಬೇಗಂ ಬಾಯಿಗೆ ಸೆರಗು ಹಿಡಿದು ನಕ್ಕರು. ‘ದಿನಾ ಆಕಿ ಹಾಡು ಕೇಳ್ತೀರಿ, ಆಕೀನ ರೊಟ್ಟಿ ಬಡದು ಹಾಕ್ತಾಳ ಹೋಗ್ರಿ ಅಂತಿದ್ರು.’ ಊರಿಗೆ ಪಕ್ಕಾ ಟಾಕೀಸು ಬಂದಮೇಲೆ ಡೇರೆ ಮುಚ್ಚಿತು. ಉಳಿದ ಚೂರುಪಾರು ರೀಲುಗಳನ್ನು ಕರಗಿಸಿ ಬಳೆ ಮಾಡಲು ಬಳೆಗಾರರು ಒಯ್ದರು. ಇದೊಂದನ್ನು ಮಾತ್ರ ಸಾಹೇಬರು ಡಬ್ಬಿಗೆ ಮೇಣ ಹಚ್ಚಿ, ಜೋಳ ತೆಗೆದು ಖಾಲಿಯಾಗಿದ್ದ ಹಗೇವಿನಲ್ಲಿ ಇಳಿಸಿದರು. ನೆಲದ ಕೆಳಗಿನ ಆ ತಂಪಿನಿಂದಲೇ ಅದು ಉಳಿಯಿತೆಂದು, ಅದನ್ನು ಸ್ವಚ್ಛ ಮಾಡಿ ಕಂಪ್ಯೂಟರಿಗೆ ಇಳಿಸಿಕೊಟ್ಟ ಪುಣೆಯ ಫಿಲ್ಮ್ ಸಂಗ್ರಹಾಲಯದವರು ಹೇಳಿದ್ದಾರೆ. ಬೇಗಂ ಅವರ ಮೊಮ್ಮಗ ಆಸೀಫ್ ಶಹಾಪುರದಲ್ಲಿ ಮದುವೆ ವಿಡಿಯೋ ಮಾಡುವವರು. ನನ್ನ ಸಹೋದ್ಯೋಗಿಯ ಮಗಳ ಮದುವೆಗೆ ಬಂದಾಗ ನಾನು ಸುರಪುರದ ಕಡೆಯವಳೆಂದು ತಿಳಿದು ಈ ಮಾತು ತೆಗೆದದ್ದೇ ಅವರು.

ಕಳೆದ ಭಾನುವಾರ ಮಧ್ಯಾಹ್ನ ನಾನು, ಬೇಗಂ, ಆಸೀಫ್ ಮೂವರೂ ಅವರ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆವು. ಪರದೆಯ ಮೇಲೆ ಮೊದಲು ಗೀರು, ಚುಕ್ಕೆ, ಮತ್ತೆ ಗೀರು. ಆಮೇಲೆ ಆಕೆ ಬಾಗಿಲಿನಿಂದ ಒಳಗೆ ಬಂದಳು. ಅವ್ವಾ, ಆಕೆ ನಿನ್ನ ಹಾಗೆ ನಡೆಯುತ್ತಾಳೆ. ಎಡಗಾಲಿನ ಹಿಮ್ಮಡಿ ಚೂರು ಎಳೆದು, ಯಾರೋ ಹಿಂದಿನಿಂದ ಕರೆದಂತೆ ಅರೆಗಳಿಗೆ ತಡೆದು ನಡೆಯುವುದು. ಮೊಣಕಾಲು ನೋವಿನಿಂದ ನೀನು ಹಾಗೆ ನಡೆಯುತ್ತೀಯೆಂದು ನಾವು ತಿಳಿದಿದ್ದೆವು. ಮೂಗು ಅಕ್ಕನದು. ನನಗೆ ಏನು ಕೊಟ್ಟಿದ್ದಾಳೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಆಕೆ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ‘ಅರೆ ವಾಹ್, ಬಾದಶಾ ಹೆಂಗ ಕುಂತಾನ ನೋಡ್ರಿ, ಪೂರಾ ದರ್ಬಾರ!’ ಎಂದರು ಬೇಗಂ. ಕೂಸಿನ ಮೈಮೇಲೆ ಉಡದಾರದ ಹೊರತು ಏನೂ ಇರಲಿಲ್ಲ. ಗಂಡುಕೂಸು. ಕತೆಯಲ್ಲಿ ಅದು ರಾಜನ ಮಗ; ಮಗನೆಂದು ಎಲ್ಲರಿಗೂ ಕಾಣಲಿ ಎಂದೇ ಬರೀಮೈಯಲ್ಲಿ ತೋರಿಸಿದ್ದಾರೆ. ನಾನು ಮತ್ತೊಮ್ಮೆ ಹಾಕಿಸಿದೆ. ಮಗದೊಮ್ಮೆ ಹಾಕಿಸಿದೆ. ಪ್ರತಿ ಸಲವೂ ಅದು ಗಂಡುಕೂಸೇ.

ನನ್ನ ಮುಖ ನೋಡಿ ಬೇಗಂ ನಗು ನಿಲ್ಲಿಸಿದರು. ನೀನು ನಂಬಿಕೊಂಡದ್ದನ್ನು ಅವರಿಗೆ ಹೇಳಿದೆ. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಲು ನೋಡುತ್ತೇನೆ. ‘ಹಂಗಾರ ಆ ಬಾಯಿ ನಿಮ್ಮಾಕಿನ ಇರಬೇಕು. ನಮ್ಮ ಅಬ್ಬಾ ಸಾಯೂ ತನಕ ಹೇಳ್ತಿದ್ರು. ಸುರಪುರದಾಗ ಡೇರೆ ಹಾಕಿದ್ದಾಗ ಒಂದಿನ ಮಧ್ಯಾನದಾಗ ಒಬ್ಬಾಕಿ ಬಂದ್ಲಂತ, ಬಿಸಲಾಗ, ಚಪ್ಲಿ ಸುದ್ದಾ ಇಲ್ಲ. ಅಣ್ಣಾ, ನಮ್ಮ ಹುಡುಗಿ ಡೇರೇದಾಗ ಬಂದ್ರ ಆ ಹಾಡು ಹಾಕಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ ಅಂದ್ಲಂತ. ಅಬ್ಬಾ ಅಂದ್ರು, ಯಾಕಮ್ಮ, ತಾಯಿ ಮಾರಿ ನೋಡ್ಲಿ ಬಿಡು. ಅದಕ್ಕ ಆಕಿ ಅಂದ್ಲಂತ, ಮಾರಿ ನೋಡಿದ್ರ ಕೂಸಿನ್ನೂ ನೋಡ್ತದರೀ.’ ಖಾಜಾಹುಸೇನ ಸಾಹೇಬರಿಗೆ ಆ ಮಾತಿನ ಅರ್ಥ ಕೊನೆಯವರೆಗೂ ಆಗಲಿಲ್ಲವಂತೆ. ಆದರೂ ಸುರಪುರದಲ್ಲಿ ಇದ್ದಷ್ಟು ದಿನ ಆ ರೀಲು ಹಾಕಲಿಲ್ಲ. ಮಂದಿ ಕೂಗಾಡಿ ಕುರ್ಚಿ ಮುರಿದರೂ ಹಾಕಲಿಲ್ಲ.

ನಿನ್ನನ್ನು ಸಿನಿಮಾಕ್ಕೆ ಕಳಿಸದ ದೊಡ್ಡವ್ವನನ್ನು ನೀನು ಇವತ್ತಿಗೂ ಕ್ಷಮಿಸಿಲ್ಲ. ಡೇರೆಯ ಹತ್ತಿರ ಸುಳಿದದ್ದಕ್ಕೆ ಒಮ್ಮೆ ಆಕೆ ನಿನ್ನನ್ನು ಬೀದಿಯಲ್ಲೇ ಹೊಡೆದಳೆಂದು ಹೇಳುವಾಗ ನೀನು ಈಗಲೂ ಕೆನ್ನೆ ಮುಟ್ಟಿಕೊಳ್ಳುತ್ತೀ. ತಂಗಿಯ ಮೇಲಿನ ಹೊಟ್ಟೆಕಿಚ್ಚು, ಮಡಿವಂತಿಕೆ ಎಂದು ನೀನು ಅಂದುಕೊಂಡೆ, ನಾವೂ ಅಂದುಕೊಂಡೆವು. ಚಪ್ಪಲಿಯಿಲ್ಲದೆ ಡೇರೆಗೆ ಹೋದ ದೊಡ್ಡವ್ವ ಕಾದದ್ದು ಮರ್ಯಾದೆಯನ್ನಲ್ಲ, ನಿನಗೆ ಹೇಳಿದ ಆ ಒಂದು ಸುಳ್ಳನ್ನು. ಸಾಯುವ ತನಕ ಅದಕ್ಕಾಗಿ ನಿನ್ನ ಸಿಟ್ಟನ್ನು ಉಂಡಳು. ಇದನ್ನು ತಿಳಿದಮೇಲೆ ನನಗೆ ಇನ್ನೂ ಕಷ್ಟವಾಯಿತು. ಅಷ್ಟು ಕಾಲ ಆಕೆ ಮುಚ್ಚಿಟ್ಟದ್ದನ್ನು ಒಂದು ಪತ್ರದಲ್ಲಿ ತೆರೆಯಲು ನಾನು ಯಾರು?

ಅಂಗಡಿಯಿಂದ ಹೊರಡುವಾಗ ಆಸೀಫ್ ನನ್ನನ್ನು ಬದಿಗೆ ಕರೆದು, ‘ಮೇಡಂ, ಟೆನ್ಶನ್ ತಗೋಬ್ಯಾಡ್ರಿ. ಕೆಳಗಿಂದು ಕಟ್ ಮಾಡಿ ಕೊಡ್ತೇನಿ. ಬರೇ ಎರಡು ಮಾರಿ ಕಾಣ್ತಾವ, ತಾಯೀದು, ಕೂಸಿಂದು. ನಾಲ್ಕು ತಿಂಗಳ ಕೂಸಿನ ಮಾರಿ ನೋಡಿ ಗಂಡೋ ಹೆಣ್ಣೋ ಯಾರು ಹೇಳ್ತಾರ?’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮದುವೆ ವಿಡಿಯೋದಲ್ಲಿ ಜಗಳವಾದದ್ದನ್ನು ಅವರು ಹಾಗೆಯೇ ತೆಗೆದುಹಾಕುತ್ತಾರಂತೆ. ನಾನು ಹೂಂ ಅಂದೆ. ಎರಡೇ ದಿನದಲ್ಲಿ ಪೂರ್ತಿ ಚಿತ್ರವೂ ಕತ್ತರಿಸಿದ ಚಿತ್ರವೂ ನನ್ನ ಫೋನಿಗೆ ಬಂದವು. ಕತ್ತರಿಸಿದ್ದು ಎಷ್ಟು ಚೆನ್ನಾಗಿದೆಯೆಂದರೆ ನನಗೂ ಒಂದು ಕ್ಷಣ ಅದು ನೀನೇ ಅನ್ನಿಸಿತು. ಮೊದಲ ಪತ್ರ ಬರೆದದ್ದು ಅದನ್ನು ನೋಡಿದ ಮೇಲೆ. ‘ನೀನು ಎಷ್ಟು ಮುದ್ದಾಗಿದ್ದೀ ಅವ್ವಾ’ ಎಂದು ಕೂಡ ಬರೆದೆ.

ಆಮೇಲೆ ಯೋಚನೆ ಬಂತು. ನಾನು ಸೊಲ್ಲಾಪುರಕ್ಕೆ ಬರುತ್ತೇನೆ, ಫೋನು ನಿನ್ನ ಕೈಯಲ್ಲಿ ಕೊಡುತ್ತೇನೆ. ನೀನು ಕನ್ನಡಕ ಒರೆಸಿಕೊಂಡು ನೋಡುತ್ತೀ. ಅಪಾರ್ಟ್‌ಮೆಂಟಿನ ಹೆಂಗಸರು ಸುತ್ತ ನಿಂತಿರುತ್ತಾರೆ. ನೀನು ಫೋನನ್ನು ತುಟಿಗೆ ಒತ್ತಿಕೊಳ್ಳುತ್ತೀ. ಯಾರದೋ ಮಗನ ಮುಖಕ್ಕೆ, ನಿನ್ನ ಜಾಗದಲ್ಲಿ ನಿನ್ನ ಅವ್ವನ ತೋಳಿನಲ್ಲಿ ಕೂತವನ ಮುಖಕ್ಕೆ ನೀನು ಮುದ್ದು ಕೊಡುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕು, ನಗಬೇಕು. ಅದು ನನ್ನಿಂದ ಆಗುವುದಿಲ್ಲ. ಗುರುದೇವಿ ದೊಡ್ಡವ್ವ ಅಳುವ ಹುಡುಗಿಗೆ ಸುಳ್ಳು ಹೇಳಿದಳು. ನಾನು ಹೇಳುವುದಿದ್ದದ್ದು ಎಂಬತ್ತೆರಡರ ಹೆಂಗಸಿಗೆ, ಅದೂ ಆಕೆಗೆ ಕಿವಿ ಕೇಳದು, ಕಣ್ಣು ಮಂಜು ಎಂಬ ಧೈರ್ಯದಿಂದ. ಎರಡೂ ಒಂದೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ತಪ್ಪಿರಬಹುದು. ನಿಜ ಹೇಳಿ ನನ್ನ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೇನೆಯೋ ಏನೋ ಎಂದೂ ಅನ್ನಿಸುತ್ತದೆ. ಆದರೆ ನೀನು ಕೇಳಿದ್ದು ನೋಡಬೇಕು ಎಂದು. ಇರುವುದನ್ನೇ ತೋರಿಸಬೇಕಲ್ಲ.

ಮುಂದಿನ ಶನಿವಾರ ಬರುತ್ತೇನೆ. ಪೂರ್ತಿ ಚಿತ್ರ ತರುತ್ತೇನೆ. ನೋಡುವುದು ಬಿಡುವುದು ನಿನ್ನ ಇಷ್ಟ. ಬೇಡವೆಂದರೆ ಅಕ್ಕನ ಕೈಯಲ್ಲಿ ಫೋನು ಮಾಡಿಸು, ನಾನು ಸೀತನಿ ಮಾತ್ರ ತಂದು, ಎರಡು ದಿನ ನಿನ್ನ ಮಗ್ಗುಲಲ್ಲಿ ಮಲಗಿ ಬರುತ್ತೇನೆ. ಸಿಟ್ಟು ಬಂದರೆ ಬೈಯಿ. ಮಾತು ಬಿಡಬೇಡ.

ಅಕ್ಕ, ಭಾವನವರಿಗೆ ನನ್ನ ನೆನಪು ಹೇಳು. ಅಜ್ಜಿ ತನ್ನ ಪರೀಕ್ಷೆಗೆ ದೇವರಲ್ಲಿ ಬೇಡಿಕೊಳ್ಳಲಿ ಎಂದು ಪಲ್ಲವಿ ಹೇಳಿದ್ದಾಳೆ. ನಿನ್ನ ಎರಡೂ ಪಾದ ಮುಟ್ಟಿ, ಆ ಮೊಣಕಾಲನ್ನೂ ಮುಟ್ಟಿ ಈ ಪತ್ರ ಮುಗಿಸುತ್ತೇನೆ.

ನಿನ್ನ ಸಣ್ಣ ಮಗಳು,
ಮಲ್ಲೇಶ್ವರಿ

ತಾ.ಕ.: ಭಾನುವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚಿರಲಿಲ್ಲ, ಒಳ್ಳೆಯದಾಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ, ಸಾವಕಾಶ ಓದು. ನಿನಗೆ ಹೇಗೆ ಕಾಣಬಹುದೆಂದು ತಿಳಿಯಲು ಈಗ ಪೂರ್ತಿ ಚಿತ್ರವನ್ನು ದನಿ ಬಂದ್ ಮಾಡಿ ನೋಡಿದೆ. ಇಷ್ಟು ದಿನ ಆಕೆಯ ಹಾಡಿನಲ್ಲೇ ಮುಳುಗಿದ್ದೆ. ಹಾಡು ಮೊದಲೇ ಮುದ್ರಿಸಿಕೊಂಡದ್ದು, ಕೂಸಿನ ದನಿ ಅದರಲ್ಲಿಲ್ಲ. ಎರಡನೆಯ ನುಡಿಯಲ್ಲಿ ಆ ಹುಡುಗ ಅಳುತ್ತಾನೆ ಅವ್ವಾ, ಬಾಯಿ ಪೂರ್ತಿ ತೆರೆದು, ಕಾಲು ಒದ್ದು. ಸ್ವಲ್ಪ ಹೊತ್ತಿಗೆ ಅಜ್ಜಿಯ ಬಿಳಿ ಕುಪ್ಪಸದ ಮೇಲೆ, ಸೆರಗು ಮುಚ್ಚದ ಬಲ ಎದೆಯ ಮೇಲೆ, ಒಂದು ಕಪ್ಪು ಚುಕ್ಕೆ ಮೂಡುತ್ತದೆ. ಅದು ಅಂಗೈಯಗಲ ಆಗುತ್ತದೆ. ಹಳೆಯ ಫಿಲ್ಮಿನ ಕಲೆ ಎಂದುಕೊಂಡೆ. ಕಲೆಯಾದರೆ ಆಕೆಯ ಉಸಿರಿನ ಜೊತೆ ಏರಿಳಿಯುತ್ತಿರಲಿಲ್ಲ. ದೀಪಗಳ ಕಾವಿಗೆ ಬಂದ ಬೆವರು ಎಂದುಕೊಂಡೆ; ಬೆವರು ಹೀಗೆ ಒಂದೇ ಕಡೆ ಬರುವುದಿಲ್ಲ. ಪಲ್ಲವಿಗೆ ನಾಲ್ಕು ತಿಂಗಳಿದ್ದಾಗ ಕಾಲೇಜಿನ ಹೊರಗೆ ಯಾರದೋ ಕೂಸು ಅತ್ತದ್ದಕ್ಕೆ ನನ್ನ ಕುಪ್ಪಸ ಹೀಗೇ ಒದ್ದೆಯಾಗಿ, ಗಂಟೆ ಹೊಡೆಯುವ ತನಕ ಬೋರ್ಡಿಗೆ ಮುಖ ಮಾಡಿ ನಿಂತಿದ್ದೆ. ಅದಕ್ಕೇ ಗೊತ್ತಾಯಿತು. ಆಕೆ ಒಮ್ಮೆ ಕೆಳಗೆ ನೋಡಿಕೊಳ್ಳುತ್ತಾಳೆ. ತುಟಿಗಳು ನಿಂತುಬಿಡುತ್ತವೆ. ಆಮೇಲೆ ಹುಡುಗನನ್ನು ಬಲಗಡೆಗೆ ಎಳೆದು ಆ ಒದ್ದೆಯ ಮೇಲೆ ಅವುಚಿಕೊಂಡು ಮತ್ತೆ ಹಾಡುತ್ತಾಳೆ. ಯುದ್ಧದ ಕಾಲ, ಫಿಲ್ಮು ಅಳೆದು ಕೊಡುತ್ತಿದ್ದರಂತೆ. ಅದಕ್ಕೇ ಎರಡನೆಯ ಸಲ ತೆಗೆಯದೆ ಹಾಗೇ ಬಿಟ್ಟಿರಬೇಕು. ಆಸೀಫ್ ಕತ್ತರಿಸಿದ್ದರಲ್ಲಿ ಇದು ಕಾಣುವುದಿಲ್ಲ, ಅದನ್ನು ಅಳಿಸಿದ್ದೇನೆ. ಆ ಹಾಲು ಆ ಹುಡುಗನದಲ್ಲ, ನಿನ್ನದು. ಇದು ನಿನಗೆ ಸಮಾಧಾನವೋ ಇನ್ನೊಂದು ಸಂಕಟವೋ ನನಗೆ ತಿಳಿಯದು, ಆದರೆ ನಾನು ಬರುವ ಮೊದಲೇ ಇದು ನಿನಗೆ ಗೊತ್ತಿರಬೇಕು. ಇವತ್ತು ಅಂಚೆ ಇಲ್ಲ. ನಾಳೆ ಬೆಳಿಗ್ಗೆ ಹಾಕುತ್ತೇನೆ, ಸೋಮವಾರ, ೧೭ ಫೆಬ್ರುವರಿ.